ರಟ್ಟು ಹಿಡಿದು ನಿಂತ ನಾಗಮ್ಮ

“ಟೀಚರ್‌ರೀ, ಗುರ್ತ ಹತ್ತಲಿಲ್ಲೇನ್ರಿ? ನಾ ನಿಮ್ಮ ‘ಅನ್‌ಟಿಲ್’ ನಾಗಮ್ಮ!”

ಶಹಾಪುರ ಬಸ್ ನಿಲ್ದಾಣದಲ್ಲಿ ಕಂಕುಳಲ್ಲಿ ಕೂಸು ಎತ್ತಿಕೊಂಡಿದ್ದ ಹೆಣ್ಣುಮಗಳೊಬ್ಬಳು ನನ್ನ ಕೈ ಹಿಡಿದೇಬಿಟ್ಟಳು. ಕೊಂಕಲ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವಾಗ ನಾನು ಇಬ್ಬರು ಮಕ್ಕಳಿಗೆ ಒಂದೊಂದು ವಾಕ್ಯ ಕೊಟ್ಟು, ಅವೆರಡನ್ನು ಜೋಡಿಸುವ ಪದ ಬರೆದ ರಟ್ಟನ್ನು ಮೂರನೆಯವರ ಕೈಗಿತ್ತು ನಡುವೆ ನಿಲ್ಲಿಸುತ್ತಿದ್ದೆ. ‘ವೆನ್’, ‘ಬಿಕಾಸ್’ ಯಾರಾದರೂ ಹಿಡಿಯಲಿ, ‘ಅನ್‌ಟಿಲ್’ ಮಾತ್ರ ನಾಗಮ್ಮನಿಗೇ ಬೇಕು. ಕೊನೆಯ ದಿನ ನಾವು ಜೋಡಿಸಿದ್ದು ‘ವೇಟ್ ಹಿಯರ್ ಅನ್‌ಟಿಲ್ ಐ ಕಮ್ ಬ್ಯಾಕ್’. ನಾನು ಮರಳಿ ಬರುವವರೆಗೆ ಇಲ್ಲೇ ಕಾಯಿರಿ. ಮರುದಿನವೇ ನನಗೆ ಸುರಪುರಕ್ಕೆ ವರ್ಗವಾಯಿತು. ಮಕ್ಕಳಿಗೆ ಒಂದು ಮಾತು ಹೇಳದೆ ಹೊರಟುಬಿಟ್ಟೆ.

“ಹೊಸ ಟೀಚರ್ ಕೇಳಿದ್ರೂ ಆ ರಟ್ಟ ನಾ ಕೊಡ್ಲಿಲ್ರಿ. ನೀವು ಬರ್ತೀರಿ ಅಂತ ಮಾಡಿದ್ದೆ. ಇನ್ನಾ ತವರಮನಿ ಟ್ರಂಕಿನಾಗ ಐತ್ರಿ,” ಎಂದು ನಕ್ಕಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಕೊಡೇಕಲ್ ಬಸ್ ಬಂತು, ಕೂಸನ್ನು ಎದೆಗವಚಿಕೊಂಡು ಓಡಿದಳು.

ಕೊಂಕಲ್ ದೂರದ ಊರೇನಲ್ಲ. ಆದರೂ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಆ ಊರಿನ ಬಸ್ ಹತ್ತಲಿಲ್ಲ. ಈಗ ಅದರ ಬೋರ್ಡು ಕಂಡರೆ ಸಾಕು, ಹತ್ತಿಬಿಡಲೇ ಅನಿಸುತ್ತದೆ. ಹೋದರೂ ಅಲ್ಲಿ ನನಗಾಗಿ ಕಾಯುತ್ತಿದ್ದ ಆ ಮಕ್ಕಳಿಲ್ಲ.