ಮಡಚಿಕೊಂಡ ಬೆರಳು

ವಾಡಿಯಲ್ಲಿ ಬೆಳಗಾಗುವುದೆಂದರೆ ಮೊದಲು ಕಿಟಕಿಯ ಕಟ್ಟೆಗೆ ಕೂತ ಸಿಮೆಂಟ್ ಕಾರ್ಖಾನೆಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಆಮೇಲೆ ಹಾಲು, ಆಮೇಲೆ ಜೋಳದ ಹಿಟ್ಟಿಗೆ ಕುದಿನೀರು. ಈ ರೈಲ್ವೆ ಕ್ವಾರ್ಟರ್ಸಿಗೆ ಮದುವೆಯಾಗಿ ಬಂದಂದಿನಿಂದ ಈ ಕ್ರಮ ತಪ್ಪಿಲ್ಲ. ಇವತ್ತು ತಪ್ಪಿದ್ದು ಒಂದೇ: ಹತ್ತು ದಿನಗಳಿಂದ ಐದೂವರೆಗೆ ಸರಿಯಾಗಿ ನಡುಮನೆಯಲ್ಲಿ ಏಳುತ್ತಿದ್ದ ಪಿಟೀಲಿನ ದನಿ ಏಳಲಿಲ್ಲ. ನುಡಿಸುವವಳು, ನನ್ನಲ್ಲಿಗೆ ಬಂದು ಉಳಿದಿದ್ದ ತಂಗಿ ಶಕ್ಕು, ಅಡುಗೆಮನೆಗೇ ಬಂದಳು.

"ಆಕಡೆ ಸರಿ ಅಕ್ಕಾ, ಇವತ್ತು ರೊಟ್ಟಿ ನಾ ಬಡೀತೀನಿ."

ನೀವು ಅವಳ ಪಿಟೀಲು ಕೇಳಿರಬಹುದು. ಧಾರವಾಡ, ಪುಣೆ, ಲಂಡನ್ನು ಎಂದು ಇಪ್ಪತ್ತೈದು ವರ್ಷ ವೇದಿಕೆಗಳ ಮೇಲೆ ಬಾಳಿದವಳು. ನಾವಿಬ್ಬರೂ ಕಲಿತದ್ದು ಶಹಾಬಾದಿನ ಕಾನ್ವೆಂಟಿನಲ್ಲಿ, ಒಬ್ಬ ವಯಸ್ಸಾದ ಸಿಸ್ಟರ್ ಎದುರು ನಿಂತು, ಗದ್ದಕ್ಕೆ ಪಿಟೀಲು ಒತ್ತಿಕೊಂಡು. ಮದುವೆಯೊಂದಿಗೆ ನಾನು ಅದನ್ನು ಬಿಟ್ಟೆ. ಅವಳು ಹಿಂದುಸ್ತಾನಿಗೆ ಹೊರಳಿ ನೆಲದ ಮೇಲೆ ಕುಳಿತಳು. ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿ, ಎಡಗೈ ಬೆರಳುಗಳಿಗೆ ಹನಿ ಕೊಬ್ಬರಿ ಎಣ್ಣೆ ಸವರಿಕೊಂಡು, ಸ್ವರದಿಂದ ಸ್ವರಕ್ಕೆ ಜಾರುವ ವಿದ್ಯೆ ಕಲಿತಳು. ಕಾನ್ವೆಂಟಿನ ಪಾಠಗಳಲ್ಲಿ ಒಂದು ಮಾತ್ರ ಇಬ್ಬರಲ್ಲೂ ಉಳಿದಿತ್ತು: ತಪ್ಪಿದ ಬೆರಳಿಗೆ ಅದೇ ಸಾಲು ನೂರು ಸಲ.

ಕಳೆದ ಬೇಸಿಗೆಯಲ್ಲಿ ಅವಳು ಫೋನು ಮಾಡಿ, "ಉಂಗುರಬೆರಳು ಮಾತು ಕೇಳವಲ್ದು ಅಕ್ಕಾ, ತಾನಾಗೇ ಮಡಚಿಕೊಳ್ತದ" ಎಂದಾಗ ನಾನು ಒಗ್ಗರಣೆಯ ಸೌಟು ಕೆಳಗಿಡದೆಯೇ ಹೇಳಿದ್ದೆ: "ನೂರು ಸಲ ಬಾರಿಸು. ಸಿಸ್ಟರ್ ಹೇಳಿದ್ದು ಮರ್ತೇನು?" ಅವಳು ಮರೆತಿರಲಿಲ್ಲ. ದಿನಕ್ಕೆ ಆರು ತಾಸಿದ್ದ ಅಭ್ಯಾಸ ಒಂಬತ್ತಕ್ಕೇರಿತು.

ರೊಟ್ಟಿಯನ್ನು ಬಲಗೈ ಬಡಿಯುತ್ತದೆ, ಎಡಗೈ ತಿರುಗಿಸುತ್ತದೆ. ಶಕ್ಕು ಬಡಿದ ಮೂರು ರೊಟ್ಟಿಗಳ ಅಂಚೂ ಹರಿದಿತ್ತು.

"ಇದೇನ, ಇಲಿ ಕಡದಂಗ!" ಎಂದು ನಕ್ಕೆ.

ಅವಳು ನಗದೆ ಎಡಗೈ ಎತ್ತಿ ತೋರಿಸಿದಳು. ಉಂಗುರಬೆರಳು, ಕಿರುಬೆರಳು ಎರಡೂ ಹಿಟ್ಟಿನ ಸಮೇತ ಅಂಗೈಯೊಳಗೆ ಮುದುಡಿದ್ದವು.

"ಬೆರಳಿಗೇನೂ ಆಗಿಲ್ಲಂತ. ಅದನ್ನ ಆಡಸೋ ಮಿದುಳೇ ದಾರಿ ತಪ್ಪೇದಂತ ಡಾಕ್ಟ್ರು ಹೇಳ್ಯಾರ. ಆಗಲೇ ನಿಲ್ಲಸಿದ್ರ ಉಳೀತಿತ್ತೇನೋ. ಬಾರಿಸಿದಷ್ಟೂ ಕೆಡ್ತಂತ."

"ಯಾವಾಗ ಹೇಳಿದ್ರು?"

"ಇಲ್ಲಿಗೆ ಬರೋಕಿಂತ ಮೊದಲೇ."

"ಮತ್ತ ಹತ್ತು ದಿನ ಯಾಕ ಬಾರಸ್ದಿ, ಹುಚ್ಚಿ?"

"ನಿಲ್ಲಸಿದ್ರ ನೀ ಯಾಕಂತ ಕೇಳ್ತಿದ್ದಿ. ನಿನ್ನ ಮುಂದ ಹೆಂಗ ಹೇಳ್ಲಿ?"

ಒಲೆಯ ಮೇಲಿನ ರೊಟ್ಟಿ ಕರಕಾಯಿತು. ಇಬ್ಬರೂ ತಿರುವಿ ಹಾಕಲಿಲ್ಲ. ಸೋಮಾರಿತನ ಮನುಷ್ಯರನ್ನು ಕೆಡಿಸುತ್ತದೆಂದು ನಮಗೆ ಕಲಿಸಿದವರು ಬಹಳ ಜನ. ಶ್ರದ್ಧೆಯೂ ಕೆಡಿಸಬಲ್ಲದೆಂದು ಒಬ್ಬರೂ ಹೇಳಲಿಲ್ಲ. ಪಿಟೀಲಿನ ತಂತಿಯ ಕೆಳಗೆ ಗುರುತುಗಳಿರುವುದಿಲ್ಲ. ಎಳ್ಳಿನಷ್ಟು ಆಚೀಚೆಯಾದರೂ ಸ್ವರ ಸ್ವರವಲ್ಲ. ಆ ಎಳ್ಳಿನಷ್ಟು ಜಾಗದಲ್ಲಿ ಇಪ್ಪತ್ತೈದು ವರ್ಷ ಮನೆಮಾಡಿಕೊಂಡಿದ್ದವಳನ್ನು ಹೊರಗೆ ಹಾಕಿದವರಲ್ಲಿ ನಾನೂ ಒಬ್ಬಳು, ಅದೂ ಪ್ರೀತಿಯಿಂದ, ಒಂದು ಕೈಯಲ್ಲಿ ಸೌಟು ಹಿಡಿದುಕೊಂಡು. ಅವಳು ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಬೈಯಲಿಲ್ಲ.

ಹನ್ನೊಂದಕ್ಕೆ ಧಾರವಾಡದ ಕಛೇರಿಯ ಸಂಘಟಕರಿಗೆ ತಾನೇ ಫೋನು ಮಾಡಿದಳು. "ಆಗಂಗಿಲ್ರಿ... ಇಲ್ರಿ, ಮುಂದಿನ ವರ್ಷಾನೂ ಬ್ಯಾಡ. ಬ್ಯಾರೆಯವರನ್ನ ನೋಡ್ಕೋರಿ." ದನಿಯಲ್ಲಿ ಒಂದು ಬಿರುಕೂ ಇರಲಿಲ್ಲ. ಆಮೇಲೆ ಪಿಟೀಲಿನ ಪೆಟ್ಟಿಗೆ ತೆರೆದಳು. ನುಡಿಸಿದ ಮೇಲೆ ಕಮಾನಿನ ಕೂದಲನ್ನಷ್ಟೇ ಸಡಿಲಿಸುವುದು ರೂಢಿ. ಇವತ್ತು ನಾಲ್ಕು ತಂತಿಗಳನ್ನೂ ಒಂದೊಂದಾಗಿ ಸಡಿಲಿಸಿ ಮುಚ್ಚಿದಳು.

ಸಂಜೆ ನಾನು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಶಕ್ಕು ಬಾಗಿಲ ಹೊಸ್ತಿಲಲ್ಲೇ ಕುಳಿತಿದ್ದಳು, ಗೋಡೆಯಾಚೆಯವರಿಗೆ ಕಾಣುವಂತಿರಲಿಲ್ಲ. ಪಕ್ಕದ ಮನೆಯ ಬಾನು ಬೀ ಹೆಗಲ ಮೇಲೆ ಮೊಮ್ಮಗಳನ್ನು ಹಾಕಿಕೊಂಡು ಗೋಡೆಯ ಹತ್ತಿರ ಬಂದರು.

"ತಂಗ್ಯಾರು ಊರಿಗೆ ಹೋದ್ರೇನ್ರಿ ಅಕ್ಕಾರ? ಮುಂಜಾನಿ ಸಪ್ಪಳನೇ ಇಲ್ಲ. ನಮ್ಮ ಕೂಸು ಇವತ್ತು ಎಂಟರ ತನಕ ಭಾಳ ಚಂದ ಮಲಗಿತ್ತು ನೋಡ್ರಿ."