ಪುಸ್ತಕದ ಪ್ರಕಾರ ಒಂಬತ್ತು ವರ್ಷ

ತುಮಕೂರಿನ ಹೊಸ ಮಾಲೊಂದರ ಮೂರನೇ ಮಹಡಿಯಲ್ಲಿ ಮಕ್ಕಳ ಆಟದ ಜಾಗವಿದೆ. ಅದರ ಬಾಗಿಲಲ್ಲಿ ಬಣ್ಣದ ವಾಸನೆ ಇನ್ನೂ ಆರದ ಪ್ಲೈವುಡ್ಡಿನ ಜಿರಾಫೆಯೊಂದು ನಿಂತಿದೆ. ಅದರ ಕತ್ತಿನ ಮೇಲೆ ಕೆಂಪು ಗೆರೆ. ಗೆರೆ ಮುಟ್ಟದ ಮಕ್ಕಳಿಗೆ ಬಲಗಡೆಯ ಸ್ಪಂಜಿನ ಕೋಣೆ, ಮುಟ್ಟಿದವರಿಗೆ ಎಡಗಡೆಯ ದೊಡ್ಡ ಆಟಗಳು. ಹೋದ ತಿಂಗಳು ಮಗನನ್ನು ಕರೆದುಕೊಂಡು ಹೋಗಿದ್ದಾಗ ನಮ್ಮ ಮುಂದಿದ್ದ ತಾಯಿಯೊಬ್ಬಳು ತನ್ನ ಪುಟ್ಟ ಮಗನ ಕೂದಲನ್ನು ಎರಡೂ ಕೈಯಿಂದ ಎತ್ತಿ ನಿಲ್ಲಿಸಿ, "ಏಳು ತುಂಬಿದೆ ಮೇಡಂ" ಎನ್ನುತ್ತಿದ್ದಳು. ಮಗುವಿಗೆ ನಾಲ್ಕಿದ್ದರೆ ಹೆಚ್ಚು. ಅದೇ ಮಗು ಗುಬ್ಬಿ ಬಸ್ಸು ಹತ್ತಿದರೆ ಕಂಡಕ್ಟರ್ ಮುಂದೆ ಮೂರಕ್ಕೆ ಇಳಿಯುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆ ಬಣ್ಣದ ವಾಸನೆಯ ನಡುವೆ ನಿಂತಿದ್ದಾಗ ನಮ್ಮೂರ ಶಾಲೆಯ ಹೆಡ್ ಮೇಷ್ಟ್ರು ನೆನಪಾದರು. ಪ್ರೀತಿಯಿಂದೇನೂ ಅಲ್ಲ.

ನಮ್ಮೂರು ಕುಣಿಗಲ್ಲಿನಿಂದ ಅಮೃತೂರಿಗೆ ಹೋಗುವ ದಾರಿಯಲ್ಲಿದೆ. ಮೇಷ್ಟ್ರು ಗುಬ್ಬಿ ಕಡೆಯವರು. ಕುಣಿಗಲ್ಲಿನಲ್ಲಿ ಮನೆ ಮಾಡಿಕೊಂಡು ದಿನಾ ಸ್ಕೂಟರಿನಲ್ಲಿ ಬರುತ್ತಿದ್ದರು. ಬಿಸ್ಕತ್ತು ಬಣ್ಣದ ಸಫಾರಿ, ಕೊರಳಲ್ಲಿ ಸೀಟಿ, ಕಂಕುಳಲ್ಲಿ ಶಾಲೆಯ ದಾಖಲಾತಿ ಪುಸ್ತಕ. ನಮ್ಮ ಸೀಮೆಯೆಂದರೆ ಅವರಿಗೆ ತಾತ್ಸಾರ. "ಕುಣಿಗಲ್ಲೋರಿಗೆ ಕುದ್ರೆ ಸಾಕೋದ್ ಗೊತ್ತು, ಮಕ್ಳನ್ ಸಾಕೋದ್ ಗೊತ್ತಿಲ್ಲ" ಎಂದು ನಮ್ಮ ಅಪ್ಪಂದಿರ ಎದುರಿಗೇ ಹೇಳುತ್ತಿದ್ದರು. ಮಾತು ಪೂರ್ತಿ ಸುಳ್ಳಲ್ಲ. ಅಲ್ಲಿನ ಕುದುರೆ ತಳಿ ಬೆಳೆಸುವ ಸ್ಟಡ್ ಫಾರ್ಮಿನಲ್ಲಿ ಹುಟ್ಟಿದ ಮರಿಗೆ ಅಪ್ಪ ಯಾರು, ತಾತ ಯಾರು, ಯಾವ ದಿನ ಎಷ್ಟು ಹೊತ್ತಿಗೆ ಹುಟ್ಟಿತು ಎಂಬುದಕ್ಕೆಲ್ಲ ದಾಖಲೆಯಿರುತ್ತಿತ್ತು. ನಾವು ಮಾತ್ರ ರಾಗಿ ಕುಯ್ಲಿನಲ್ಲಿ ಹುಟ್ಟಿದವರು, ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದವರು.

ಅದಕ್ಕೇ ನಮ್ಮ ವಯಸ್ಸನ್ನು ಮೇಷ್ಟ್ರೇ ಕೊಡುತ್ತಿದ್ದರು. ಸೇರಲು ಬಂದ ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟಿಸುವುದು. ಮುಟ್ಟಿದರೆ ಆರು ವರ್ಷ, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಹುಟ್ಟಿದ ದಿನ ಎಲ್ಲರಿಗೂ ಜೂನ್ ಒಂದು. ಮಕ್ಕಳ ಸಂಖ್ಯೆ ಕಡಿಮೆಯಾದರೆ ಶಾಲೆಯ ಒಬ್ಬ ಮೇಷ್ಟ್ರನ್ನು ಬೇರೆ ಊರಿಗೆ ಹಾಕುತ್ತಿದ್ದರಾದ್ದರಿಂದ, ಕೈ ಗಿಡ್ಡವಾದ ಮಕ್ಕಳ ತಲೆಯನ್ನು ಮೇಷ್ಟ್ರೇ ಸ್ವಲ್ಪ ವಾಲಿಸಿ ಸಹಾಯ ಮಾಡುತ್ತಿದ್ದುದೂ ಉಂಟು. ನನ್ನ ತಮ್ಮನಿಗೆ ಆ ಸಹಾಯವೂ ಬೇಕಾಗಲಿಲ್ಲ. ಅವನದು ಹುಟ್ಟಾ ಉದ್ದ ಕೈಕಾಲು. ಅಮ್ಮ ಕೂಲಿಗೆ ಹೋದರೆ ನೋಡಿಕೊಳ್ಳುವವರಿಲ್ಲದೆ ನನ್ನ ಹಿಂದೆಯೇ ಶಾಲೆಗೆ ಬಂದು ಕೂರುತ್ತಿದ್ದ. ನಾಲ್ಕು ಇನ್ನೂ ತುಂಬಿರಲಿಲ್ಲ. ಒಂದು ದಿನ ಮೇಷ್ಟ್ರು ಕರೆದು ಕೈ ಬಳಸಿಸಿದರು, ಕಿವಿ ಸಿಕ್ಕಿತು. ನಿಂತ ನಿಲುವಿನಲ್ಲೇ ಅವನಿಗೆ ಎರಡು ವರ್ಷ ಹೆಚ್ಚಾಯಿತು.

ಇಷ್ಟು ಸುಳ್ಳು ಆ ಕಾಲದ ಎಲ್ಲ ಹಳ್ಳಿ ಶಾಲೆಗಳಲ್ಲೂ ಇತ್ತು, ಅದಕ್ಕೆ ಯಾರನ್ನೂ ಬೈಯಬೇಕಾಗಿಲ್ಲ. ನಮ್ಮ ಮೇಷ್ಟ್ರ ಹೆಚ್ಚುಗಾರಿಕೆಯೇ ಬೇರೆ. ಅವರು ಇವತ್ತು ಬರೆದ ಸುಳ್ಳನ್ನು ನಾಳೆಯಿಂದ ತಾವೇ ನಂಬುತ್ತಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ನಾಲ್ಕನೇ ಕಾಲನ್ನು ತಾನೇ ಮುರಿದು, ಆಮೇಲೆ ಹಾಗೆ ವಾದಿಸಿದವರು ಇವರೊಬ್ಬರೇ.

ನಾನು ಏಳನೇ ಕ್ಲಾಸಿನಲ್ಲಿದ್ದೆ, ತಮ್ಮ ನಾಲ್ಕನೆಯದರಲ್ಲಿ. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಅಲ್ಲಿಯವರೆಗೆ ಶಾಲೆಯ ಪ್ರವಾಸವೆಂದರೆ ಒಂದು ದೇವಸ್ಥಾನ, ಒಂದು ಅಣೆಕಟ್ಟು, ಮತ್ತೆ ಇನ್ನೊಂದು ದೇವಸ್ಥಾನ. ಆ ವರ್ಷ ಬೆಂಗಳೂರಿನ ಹತ್ತಿರದ ಥೀಮ್ ಪಾರ್ಕಿಗೆ ಎಂದು ಗೊತ್ತಾದಾಗ ನಮಗೆ ಊಟ ಸೇರಲಿಲ್ಲ. ಮೇಷ್ಟ್ರು ಆ ಪಾರ್ಕನ್ನು ಕಣ್ಣಿನಿಂದ ಕಂಡವರಲ್ಲ. ಯಾರೋ ಕೊಟ್ಟ ಜಾಹೀರಾತಿನ ಹಾಳೆಯೊಂದಿತ್ತು, ಅಷ್ಟೇ. ಅದನ್ನೇ ಮುಂದಿಟ್ಟುಕೊಂಡು ಡ್ರಾಯಿಂಗ್ ಶೀಟಿನ ಮೇಲೆ ಮೂರು ಬಣ್ಣದಲ್ಲಿ ಪಟ್ಟಿ ಬರೆದರು. ಒಂಬತ್ತು ತುಂಬದ ಗಂಡುಮಕ್ಕಳಿಗೆ ಪುಟಾಣಿ ರೈಲು. ಒಂಬತ್ತು ತುಂಬಿದ ಗಂಡುಮಕ್ಕಳಿಗೆ ಆಕಾಶಕ್ಕೆ ತೂಗುವ ದೊಡ್ಡ ದೋಣಿ. ಹೆಣ್ಣುಮಕ್ಕಳಿಗೆ, ಒಂದನೇ ಕ್ಲಾಸಿರಲಿ ಏಳನೇ ಕ್ಲಾಸಿರಲಿ, ಸುತ್ತು ತಿರುಗುವ ಮರದ ಕುದುರೆ. ಹುಡುಗಿಯರಾದ ನಮಗೆ ವಯಸ್ಸೇ ಇರಲಿಲ್ಲ. "ದೋಣಿ ಮೇಲೋದ್ರೆ ಲಂಗ ಹಾರುತ್ತೆ" ಎಂದರು. ಹಾಗಾದರೆ ಚೂಡಿದಾರ್ ಹಾಕಿಕೊಂಡು ಬರುತ್ತೇವೆ ಎಂದ ನನ್ನ ಗೆಳತಿಯ ಕಿವಿ ಹಿಂಡಿದರು.

ಹೊರಡುವ ಹಿಂದಿನ ದಿನ ಮೈದಾನದಲ್ಲಿ ರಿಹರ್ಸಲ್ ಬೇರೆ. ಥೀಮ್ ಪಾರ್ಕಿನ ಆಟಕ್ಕೆ ರಿಹರ್ಸಲ್ ಮಾಡಿಸಿದ ಮಹಾನುಭಾವ ಈ ಭೂಮಿಯ ಮೇಲೆ ಇನ್ನೊಬ್ಬರಿರಲಾರರು. ಬೆಂಚುಗಳನ್ನು ಹೊರಗೆ ಹಾಕಿಸಿ ಗಂಡು ಹುಡುಗರನ್ನು ಸಾಲಾಗಿ ಕೂರಿಸಿದರು. ಒಂದು ಸೀಟಿಗೆ ಮುಂದಕ್ಕೆ ಬಾಗಬೇಕು, ಎರಡು ಸೀಟಿಗೆ ಹಿಂದಕ್ಕೆ. ಹಿಂದಕ್ಕೆ ಬಾಗುವಾಗ ಒಂದು ಬೆಂಚು ಮಗುಚಿಕೊಂಡು ಐದು ಜನ ಬಿದ್ದರು. "ಅಲ್ಲಿ ಕಂಬಿ ಇರುತ್ತೆ, ಬೀಳಲ್ಲ" ಎಂದು ಮೇಷ್ಟ್ರು ಮುಂದುವರಿಸಿದರು. ನಾವು ಹೆಣ್ಣುಮಕ್ಕಳು ಜಗಲಿಯ ಮೇಲೆ ಕೂತು ನೋಡಿದೆವು. ಕುದುರೆಗೆ ಅಭ್ಯಾಸ ಬೇಕಾಗಿರಲಿಲ್ಲವಂತೆ.

ಅಮ್ಮ ಬೆಳಿಗ್ಗೆ ಚಿತ್ರಾನ್ನ ಕಟ್ಟಿಕೊಟ್ಟು, ತಮ್ಮನ ಕೈಯನ್ನು ನನ್ನ ಕೈಯಲ್ಲಿಟ್ಟು ಹೇಳಿದ್ದು ಒಂದೇ ಮಾತು. "ಇವ್ನ ಕೈ ಬುಡಬ್ಯಾಡ ಕಣೇ." ಬಸ್ಸಿನಲ್ಲಿ ಪೂರ್ತಿ ದಾರಿ ಹಿಡಿದೇ ಇದ್ದೆ. ಅವನಿಗೆ ಏಳು ವರ್ಷ, ರೈಲಿನ ಗುಂಪಿಗೆ ಬರುತ್ತಾನೆ, ರೈಲು ಕುದುರೆಯ ಪಕ್ಕದಲ್ಲೇ ಇರುತ್ತದೆ ಎಂದು ನನ್ನ ಲೆಕ್ಕಾಚಾರ. ಆದರೆ ಮೇಷ್ಟ್ರ ಲೆಕ್ಕ ಕಂಕುಳಲ್ಲಿತ್ತು. ದಾಖಲಾತಿ ಪುಸ್ತಕವನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಲ್ಲಿಗೂ ತಂದಿದ್ದರು. ಪಾರ್ಕಿನ ಒಳಗೆ ಹೋದ ತಕ್ಷಣ ಹೆಸರು ಕೂಗಿ ಮೂರು ಸಾಲು ಮಾಡಿದರು. ತಮ್ಮನ ಹೆಸರು ದೋಣಿಯ ಸಾಲಿನಲ್ಲಿ ಬಂತು.

ನಾನು ನನ್ನ ಸಾಲು ಬಿಟ್ಟು, ಅವನ ಕೈ ಹಿಡಿದುಕೊಂಡೇ ದೋಣಿಯವರೆಗೆ ಹೋದೆ. ಅಲ್ಲಿ ಅಳತೆಗೆಂದು ಕಬ್ಬಿಣದ ಕಂಬವೊಂದಿತ್ತು. ತಮ್ಮ ಅದರ ಪಕ್ಕ ನಿಂತರೆ ನೆತ್ತಿ ಸರಿಯಾಗಿ ಹಳದಿ ಪಟ್ಟಿಯ ಹತ್ತಿರ ಬಂತು. ಮುಟ್ಟಿತ್ತೋ ಇಲ್ಲವೋ... ಈಗಲೂ ಹೇಳಲಾರೆ. ದೋಣಿ ನಡೆಸುವ ನಡುವಯಸ್ಸಿನ ಆಪರೇಟರ್ ಅವನ ಮುಖ ನೋಡಿ, "ತೀರಾ ಚಿಕ್ಕೋನು ಸಾರ್ ಇವ್ನು, ರೈಲಿಗೆ ಕಳ್ಸಿ" ಎಂದ. ಆ ಇಡೀ ದಿನದಲ್ಲಿ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ.

ಮೇಷ್ಟ್ರು ಚೀಲ ಬಿಚ್ಚಿದರು. ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆ ತಿರುವಿದರು. ಹಿಂದೆ ನಿಂತಿದ್ದ ಜನ ಗೊಣಗುತ್ತಿದ್ದರು. "ನೋಡ್ರೀ, ಜೂನ್ ಒಂದಕ್ಕೇ ಒಂಬತ್ತು ತುಂಬಿದೆ. ಸರ್ಕಾರಿ ದಾಖ್ಲೆ ಇದು." ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ಮಗು ಕಣ್ಣೆದುರಿಗೆ ನಿಂತಿದೆ, ಹಾಲುಹಲ್ಲು ಬಿದ್ದ ಬಾಯಿ ತೆರೆದುಕೊಂಡು ದೋಣಿ ನೋಡುತ್ತಿದೆ, ಈ ಮನುಷ್ಯ ಅದರ ವಯಸ್ಸನ್ನು ಹಾಳೆಯಲ್ಲಿ ಹುಡುಕುತ್ತಿದ್ದಾರೆ! ನನಗೆ ಎಲ್ಲಿಂದ ಧೈರ್ಯ ಬಂತೋ. "ಅವ್ನಿಗೆ ಏಳೇ ವರ್ಷ ಸಾರ್. ನೀವೇ ಅಲ್ವಾ ಕಿವಿ ಮುಟ್ಟಿಸ್ಬುಟ್ಟು ಬರ್ಕೊಂಡಿದ್ದು" ಎಂದೆ.

"ಬರ್ದ್ ಮೇಲೆ ಬರ್ದಿದ್ದೇ. ಹೋಗೇ, ಕುದ್ರೆ ಹತ್ತು."

ನನ್ನನ್ನು ಪೂರ್ತಿ ಸೋಲಿಸಿದ್ದು ಮೇಷ್ಟ್ರಲ್ಲ. ತಮ್ಮ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡ. "ಅಕ್ಕ ಸುಳ್ಳೇಳ್ತವ್ಳೆ ಸಾರ್. ನಂಗೆ ಒಂಬತ್ತು" ಎಂದ. ಆಪರೇಟರ್ ಹೆಗಲು ಕುಣಿಸಿ ಕಂಬಿ ಎತ್ತಿದ. ತಮ್ಮ ದೊಡ್ಡ ಹುಡುಗರ ನಡುವೆ ನುಸುಳಿ ಹೋಗಿ ಕೂತ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

ಹದಿಮೂರು ತುಂಬಿದ ನಾನು ಬಿಳಿ ಕುದುರೆಯ ಮೇಲೆ ಮಂಡಿ ಮಡಚಿಕೊಂಡು ಕೂತೆ. ಪಕ್ಕದ ಕುದುರೆಯ ಮೇಲೆ ಒಂದನೇ ಕ್ಲಾಸಿನ ಹುಡುಗಿ ಬೆರಳು ಚೀಪುತ್ತಿದ್ದಳು. ಕುದುರೆ ಒಂದು ಸುತ್ತು ಬಂದಾಗಲೊಮ್ಮೆ ಮಾತ್ರ ದೋಣಿ ಕಾಣುತ್ತಿತ್ತು. ಒಂದು ಸುತ್ತಿಗೆ ಅದು ಕೆಳಗಿತ್ತು. ಇನ್ನೊಂದು ಸುತ್ತಿಗೆ ಮೇಲೆ, ಹುಡುಗರೆಲ್ಲ ಕಿರುಚುತ್ತಿದ್ದರು, ತಮ್ಮನ ನೀಲಿ ಅಂಗಿ ಕಂಡಿತು. ಮುಂದಿನ ಸುತ್ತಿಗೆ ಇನ್ನೂ ಮೇಲೆ, ನೀಲಿ ಅಂಗಿ ಕಾಣಲಿಲ್ಲ. ಅದೊಂದು ಸುತ್ತು ಮುಗಿಯುವಷ್ಟರಲ್ಲಿ ನಾನು ಎಷ್ಟು ದೇವರಿಗೆ ಹರಕೆ ಹೊತ್ತೆನೋ... ಮೇಷ್ಟ್ರು ದೋಣಿಯ ಕೆಳಗೆ ನಿಂತು ಒಂದು ಸೀಟಿ, ಎರಡು ಸೀಟಿ ಊದುತ್ತಿದ್ದರು. ದೋಣಿ ಅದರ ಪಾಡಿಗೆ ಅದು ತೂಗುತ್ತಿತ್ತು. ತಾವು ಮಾತ್ರ ಹತ್ತಲಿಲ್ಲ. ಐವತ್ತು ದಾಟಿದವರಿಗೆ ಯಾವ ಆಟ ಎಂದು ಅವರ ಪಟ್ಟಿಯಲ್ಲಿ ಬರೆದಿರಲಿಲ್ಲವಲ್ಲ.

ಇಳಿದು ಓಡಿದೆ. ತಮ್ಮ ತೂರಾಡುತ್ತಾ ಬಂದ. ಮುಖ ಸುಣ್ಣದಂತಾಗಿತ್ತು, ಮೂಗು ಸೋರುತ್ತಿತ್ತು. ಹೆದರಿದೆಯಾ ಎಂದು ಕೇಳಿದರೆ, "ಹೊಟ್ಟೇಲಿ ಏನೋ ಹಾರ್ತು ಅಕ್ಕ. ಇನ್ನೊಂದ್ ಸಲ ಹೋಗ್ತೀನಿ" ಎಂದ. ಇನ್ನೊಂದು ಸಲವಲ್ಲ, ಇನ್ನೂ ಮೂರು ಸಲ ಹೋದ. ವಾಪಸು ಬರುವಾಗ ಬಸ್ಸಿನಲ್ಲಿ ಬಾಯಿ ಮುಚ್ಚಲಿಲ್ಲ. ಮೇಲಿಂದ ನಮ್ಮ ಬಸ್ಸಿನ ನೆತ್ತಿ ಕಂಡಿತಂತೆ, ಮೇಷ್ಟ್ರ ಬೋಳುತಲೆ ಕಂಡಿತಂತೆ, ಕುದುರೆ ಮೇಲೆ ನಾನೂ ಕಂಡೆನಂತೆ, ಪುಟ್ಟ ಮಗು ಥರಾ. ನಾನು ತೊಡೆ ಚಿವುಟಿದೆ. ಅವನನ್ನು ಅಪಾಯಕ್ಕೆ ದೂಡಿದರೆಂದು ಮೇಷ್ಟ್ರ ಮೇಲೆ ಸಿಟ್ಟು ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದು ನಿಜ. ಹೊಟ್ಟೆಕಿಚ್ಚೂ ನಿಜ. ಮುಂದಿನ ಸೀಟಿನಲ್ಲಿ ಮೇಷ್ಟ್ರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು.

ಅವತ್ತಿನಿಂದ ಅವನು ಊರಿಗೆಲ್ಲ ಒಂಬತ್ತು ಎಂದೇ ಹೇಳಿಕೊಂಡು ತಿರುಗಿದ. ಅಂಗಡಿಯವರು ಕೇಳಿದರೂ ಒಂಬತ್ತು, ನೆಂಟರು ಕೇಳಿದರೂ ಒಂಬತ್ತು. ಹೆತ್ತ ಅಮ್ಮನ ಜೊತೆಗೇ ವಾದಕ್ಕೆ ನಿಲ್ಲುತ್ತಿದ್ದ.

ಮುಂದಿನ ಬೇಸಿಗೆ ರಜ ಮುಗಿದು ಶಾಲೆ ತೆರೆದ ಮೇಲೆ ಅವನಿಗೆ ಜ್ವರ ಬಂತು. ಕುಣಿಗಲ್ಲಿಗೆ ಕರೆದುಕೊಂಡು ಹೋದರು, ಅಲ್ಲಿಂದ ತುಮಕೂರಿಗೆ. ಮೆದುಳಿಗೆ ಏರಿದೆ ಎಂದರು. ಐದನೇ ದಿನ ಅವನನ್ನು ಮನೆಗೆ ತಂದರು... ಆ ಐದು ದಿನಗಳ ಬಗ್ಗೆ ನಾನು ಬರೆಯುವುದಿಲ್ಲ.

ತಿಥಿ ಮುಗಿದ ವಾರಕ್ಕೆ ಮೇಷ್ಟ್ರು ಬಂದರು. ಕಂಕುಳಲ್ಲಿ ಪುಸ್ತಕ. ಸಾವಿನ ಮನೆಗೂ ಅದನ್ನು ಹೊತ್ತು ತಂದ ಮನುಷ್ಯನನ್ನು ನೋಡಿ ನನಗೆ ಉಗಿಯಬೇಕೆನಿಸಿತು. ಹೆಸರು ತೆಗೆಯಬೇಕು, ಅದಕ್ಕೆ ತಂದೆಯ ರುಜು ಬೇಕು ಎಂದರು. ಅಪ್ಪ ರುಜು ಹಾಕಿದರು. ಆಮೇಲೆ ಮೇಷ್ಟ್ರು ಹೊರಡಲಿಲ್ಲ. ಪೆನ್ನು ಹಿಡಿದುಕೊಂಡು ಆ ಸಾಲನ್ನೇ ನೋಡುತ್ತಾ ಕೂತಿದ್ದರು. ಜೂನ್ ಒಂದು ಕಳೆದಿದ್ದರಿಂದ ಪುಸ್ತಕದ ಪ್ರಕಾರ ಅವನಿಗೆ ಹತ್ತು. ಕೊನೆಗೆ ತಲೆಯೆತ್ತದೆ, "ನಿಜ್ವಾಗ್ಲೂ ಎಷ್ಟಾಗಿತ್ತಮ್ಮ?" ಎಂದು ಅಮ್ಮನನ್ನು ಕೇಳಿದರು.

"ಎಂಟಕ್ಕೆ ಇನ್ನೂ ಎರಡ್ ತಿಂಗ್ಳಿತ್ತು ಸಾರ್."

ಅವರು ಪೆನ್ನಿನ ಮೊನೆಯನ್ನು ತಾವೇ ಬರೆದಿದ್ದ ಇಸವಿಯ ಮೇಲೆ ಇಟ್ಟರು. ತಾವು ಬರೆದದ್ದನ್ನು ತಾವೇ ಹೊಡೆದುಹಾಕಲು ಹೊರಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಾಗಿಲ ಹಿಂದೆ ನಿಂತಿದ್ದವಳು ಹೊರಗೆ ಬಂದುಬಿಟ್ಟೆ. "ಹೊಡೀಬ್ಯಾಡಿ ಸಾರ್. ಹಂಗೇ ಇರ್ಲಿ" ಎಂದೆ. ಅಮ್ಮ ನನ್ನನ್ನು ನೋಡಿದಳು. ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. ಅವರಿಗೆ ಅರ್ಥವಾಯಿತೋ ಇಲ್ಲವೋ ನನಗೆ ತಿಳಿಯದು. ನನಗೆ ಅರ್ಥವಾಗಿದ್ದು ಇಷ್ಟು. ಪುಸ್ತಕ ನಿಜ ಹೇಳಿದ್ದರೆ ಅವತ್ತು ಅವನು ಪುಟಾಣಿ ರೈಲಿನಲ್ಲಿ ಎರಡು ಸುತ್ತು ಸುತ್ತಿ, ಜೋಪಾನವಾಗಿ ಮನೆಗೆ ಬರುತ್ತಿದ್ದ. ನಾನು ಗೆದ್ದಿದ್ದರೆ ಅವನು ದೋಣಿ ಹತ್ತದೆಯೇ ಹೋಗಿಬಿಡುತ್ತಿದ್ದ.

ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ದಾರಿದೀಪ, ದೇವರಂಥ ಗುರು ಎಂದೆಲ್ಲ ಬಂತು, ಕೈಮುಗಿದ ಚಿತ್ರಗಳು ನೂರಾರು ಬಂದವು. ಕಿವಿ ಹಿಂಡಿಸಿಕೊಂಡಿದ್ದ ನನ್ನ ಗೆಳತಿಯೂ ಒಂದು ಹಾಕಿದಳು. ನಾನು ಏನೂ ಹಾಕಲಿಲ್ಲ. ಒಬ್ಬ ಮನುಷ್ಯ ಸತ್ತ ಮಾತ್ರಕ್ಕೆ ಅವನ ಮೂರ್ಖತನ ಜ್ಞಾನವಾಗುವುದಿಲ್ಲ. ಏಳು ವರ್ಷದ ಮಗುವನ್ನು ಕಾಗದ ನೋಡಿ ಆಕಾಶಕ್ಕೆ ಕಳಿಸಿದ್ದು ತಪ್ಪೇ. ಅದರಿಂದ ನನ್ನ ತಮ್ಮನಿಗೆ ಸಿಕ್ಕಿದ್ದನ್ನು ಬೇರೆ ಯಾರೂ ಕೊಡುತ್ತಿರಲಿಲ್ಲ, ನಾನಂತೂ ಕೊಡುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕುವುದು ಕಷ್ಟ, ಆದರೆ ಅಭ್ಯಾಸವಾಗಿದೆ.

ಅಮ್ಮ ಈಗ ತುಮಕೂರಿನಲ್ಲಿ ನನ್ನ ಜೊತೆಗೇ ಇದ್ದಾಳೆ. ಸಂಜೆ ಗೇಟಿನ ಹತ್ತಿರ ಕೂತಿರುವಾಗ ಬೀದಿಯಲ್ಲಿ ಎತ್ತರದ ಹುಡುಗನೊಬ್ಬ ಕೈ ಬೀಸಿಕೊಂಡು ಹೋದರೆ ಅವನು ತಿರುವು ದಾಟುವವರೆಗೂ ನೋಡುತ್ತಾಳೆ. ಆಮೇಲೆ, "ಅವ್ನಿದ್ದಿದ್ರೆ ಈಗ್ ಎಷ್ಟಾಗಿರೋದೇ?" ಎನ್ನುತ್ತಾಳೆ. ನಾನು ಎರಡು ವರ್ಷ ಸೇರಿಸಿಯೇ ಹೇಳುತ್ತೇನೆ. ಅಮ್ಮನಿಗೆ ಅವನು ಹುಟ್ಟಿದ ಗಳಿಗೆ ಕೂಡ ನೆನಪಿದೆ. ಆದರೂ ಹೂಂ ಎನ್ನುತ್ತಾಳೆ.