ಹಮೀದಾಕನ ಎಡಗೈ ಮೌಸ್

ಇವತ್ತು ಬೆಳಿಗ್ಗೆ ಹೊಸ ಕಂಪ್ಯೂಟರಿನಲ್ಲಿ ಒಂದು ಫೈಲು ತೆರೆಯೋಣವೆಂದು ಮೌಸ್ ಒತ್ತಿದರೆ ಫೈಲು ತೆರೆಯಲಿಲ್ಲ, ಉದ್ದದೊಂದು ಮೆನು ಇಳಿಯಿತು. ಮತ್ತೆ ಒತ್ತಿದೆ, ಮತ್ತೆ ಮೆನು. ಇದೊಂದು ಬಾಕಿ ಇತ್ತು ಅಂದುಕೊಂಡೆ. ಆಮೇಲೆ ಹೊಳೆಯಿತು: ಅಂಗಡಿಯ ಹಳೆಯ ಕಂಪ್ಯೂಟರುಗಳ ಸೆಟ್ಟಿಂಗ್ ಫೈಲುಗಳನ್ನೆಲ್ಲ ಗುಡಿಸಿ ತಂದಿದ್ದೇನೆ, ಜತೆಗೆ ಹಮೀದಾಕನ ಎಡಗೈಯೂ ಬಂದಿದೆ.

ಹಮೀದಾಕ ಅಂದರೆ ಫಳ್ನೀರಿನ ಈ ಅಂಗಡಿಯ ಯಜಮಾನರು. ಮದುವೆ ಕಾಗದವನ್ನು ಕಂಪ್ಯೂಟರಿನಲ್ಲಿ ಮಾಡುವುದನ್ನು ನನಗೆ ಕಲಿಸಿದವರು. ಗಿರಾಕಿಗಳ ಪೆನ್‌ಡ್ರೈವಿನ ವೈರಸ್ಸಿಗೆ ಬೇಸತ್ತು ನಾನು ಇಲ್ಲಿನ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿದ್ದೆ, ಅದರ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು ಅನ್ನಿ. ಆರು ವರ್ಷದ ಹಿಂದೆ ಹಮೀದಾಕನಿಗೆ ಪಾರ್ಶ್ವವಾಯು ಆಗಿ ಬಲಗೈ ಬಿದ್ದುಹೋಯಿತು. ನಾಲ್ಕು ತಿಂಗಳಿಗೆ ಅಂಗಡಿಗೆ ಬಂದು, ಎಡಗೈಯಲ್ಲಾದರೂ ಕೂತು ಕೆಲಸ ಮಾಡುತ್ತೇನೆ, ಮನೆಯಲ್ಲಿ ಗೋಡೆ ನೋಡಿ ಸಾಕಾಯಿತು ಅಂದರು.

ನನಗೆ ಹುರುಪು ಬಂತು. ಶಿಫ್ಟ್ ಕೀಯನ್ನು ಒಮ್ಮೆ ಒತ್ತಿ ಬಿಟ್ಟರೂ ಮುಂದಿನ ಅಕ್ಷರಕ್ಕೆ ಅದು ಕಾದಿರುವ ಹಾಗೆ ಮಾಡಿದೆ. ಪರದೆಯ ಮೇಲಿನ ಬಾಣದ ಓಟವನ್ನು ನಿಧಾನ ಮಾಡಿದೆ. ಸೆಟ್ಟಿಂಗಿನಲ್ಲಿ ಎಡಗೈ ಎಂದು ಆರಿಸಿ ಮೌಸಿನ ಎರಡು ಗುಂಡಿಗಳನ್ನು ಅದಲುಬದಲು ಮಾಡಿದೆ: ಫೈಲು ತೆರೆಯುವ ಗುಂಡಿ ಬಲಕ್ಕೆ, ಮೆನು ಇಳಿಸುವ ಗುಂಡಿ ಎಡಕ್ಕೆ. ಮೂರು ದಿನದಲ್ಲಿ ಅವರು ಒಂದು ಪೂರ್ತಿ ಕಾಗದ ಮುಗಿಸಿದರು. ಮಗು ಮೊದಲ ಹೆಜ್ಜೆ ಇಟ್ಟ ಹಾಗೆ ಅಂಗಡಿಯವರೆಲ್ಲ ನಿಂತು ನೋಡಿದೆವು.

ಅಷ್ಟಕ್ಕೆ ಬಿಡಬೇಕಿತ್ತು. ಬಿಡಲಿಲ್ಲ. ಕರೆಂಟು ಹೋಗಿ ಬಂದರೆ ಸೆಟ್ಟಿಂಗ್ ಅಳಿಸಿಹೋದೀತು ಎಂಬ ಅತಿಬುದ್ಧಿ. ಕಂಪ್ಯೂಟರ್ ಶುರುವಾಗುವಾಗ ಓದುವ ಫೈಲಿನಲ್ಲೂ ಗುಂಡಿ ಬದಲಿಸುವ ಒಂದು ಸಾಲು ಬರೆದು, ಪರೀಕ್ಷಿಸದೆ ಮನೆಗೆ ಹೋದೆ. ಅಂಗಿಯನ್ನು ಎರಡು ಸಲ ಮಗುಚಿದರೆ ಮೊದಲಿನ ಹಾಗೆಯೇ ಆಗುತ್ತದಲ್ಲ, ಹಾಗೆ ಗುಂಡಿಗಳು ಮತ್ತೆ ಬಲಗೈಯವರದ್ದೇ ಆದವು.

ಮರುದಿನ ನಾನು ಪಂಪ್‌ವೆಲ್‌ನಲ್ಲಿ ಕಾಗದದ ಕಟ್ಟು ತಲುಪಿಸಿ ಬರುವಷ್ಟರಲ್ಲಿ ಹಮೀದಾಕ ಎದ್ದು ನಿಂತಿದ್ದರು. ಗಿರಾಕಿಯ ಎದುರು ಅರ್ಧ ಗಂಟೆ ಒತ್ತಿದ್ದಾರೆ, ಪ್ರತಿ ಸಲವೂ ಮೆನು.

"ಎಡಗೈ ಸಹ ಹೋಯ್ತು ಮಾರಾಯ. ನನ್ನಿಂದ ಆಗುದಿಲ್ಲ," ಅಂದರು. ಆಟೋ ಹತ್ತಿ ಮನೆಗೆ ಹೋದವರು ಮತ್ತೆ ಬರಲಿಲ್ಲ. ಅಂಗಡಿ ನನ್ನ ಪಾಲಿಗೆ ಬಂತು.

ಹತ್ತು ದಿನದ ಮೇಲೆ ಅವರ ಕುರ್ಚಿಯಲ್ಲಿ ಕೂತಾಗ ನನಗೆ ತಪ್ಪು ಗೊತ್ತಾಯಿತು. ಸೆಟ್ಟಿಂಗಿನದನ್ನು ತೆಗೆದೆ, ಅವರು ಬಂದಾರು ಎಂದು ಸಾಲನ್ನು ಉಳಿಸಿ, ನಾನು ನನ್ನ ಕುರ್ಚಿಗೇ ಮರಳಿದೆ. ಹೇಳಲೆಂದೇ ಕಾವೂರಿನ ಅವರ ಮನೆಗೆ ಹೋದೆ. ಅವರು ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ನೀನು ಎಷ್ಟು ಕಷ್ಟಪಟ್ಟೆ, ಕೈಯೇ ಸರಿ ಇಲ್ಲದಿದ್ದರೆ ನೀನಾದರೂ ಎಂತ ಮಾಡುವುದು ಅಂದರು. ನಾನು ಹೇಳದೆಯೇ ಚಾ ಕುಡಿದು ಎದ್ದು ಬಂದೆ. ನಾಚಿಕೆಯಾಗಿತ್ತು.

ಇವತ್ತು ಆ ಮೆನುವನ್ನು ನೋಡುತ್ತಾ ಇನ್ನು ಸಾಕು ಅನಿಸಿತು. ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

ಅವರು ಕೇಳಿದರು:

"ಅಂದ್ರೆ ಆವತ್ತು ನನ್ನ ಕೈ ಸರಿ ಇತ್ತಾ?"

"ಸರಿ ಇತ್ತು, ಹಮೀದಾಕ."

"ಆರು ವರ್ಷ ಈ ಕೈಗೆ ಬೈದೆನಲ್ಲ ಮಾರಾಯ," ಅಂದರು.

ಫೋನ್ ಇಟ್ಟ ಮೇಲೆ ಆ ಸಾಲನ್ನು ಅಳಿಸಲು ಹೋದೆ, ಮನಸ್ಸು ಬರಲಿಲ್ಲ. ಮೌಸನ್ನು ಎಡಕ್ಕೆ ಇಟ್ಟುಕೊಂಡು ಕೂತಿದ್ದೇನೆ.